ಘಟ್ಟದಲ್ಲಿ ಕೊಬ್ಬರಿ ಆಯ್ದದ್ದು

ಕೆಳಗೆ ಬಿದ್ದ ವಸ್ತುವನ್ನು ನಾನು ತಕ್ಷಣ ಎತ್ತುವುದಿಲ್ಲ. ಇದು ಸೋಮಾರಿತನ ಎಂದು ನನ್ನ ಹೆಂಡತಿ ನಂಬಿದ್ದಾಳೆ. ಕೊಬ್ಬು ಎಂದು ಮೊನ್ನೆ ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ತೀರ್ಪು ಕೊಟ್ಟಳು. ಆಕೆಯ ಚೀಲದ ತಳ ಕಿತ್ತುಹೋಗಿ ಈರುಳ್ಳಿಗಳು ಉರುಳಿಕೊಂಡು ನನ್ನ ಕಾಲ ಬುಡಕ್ಕೇ ಬಂದವು. ಅಕ್ಕಪಕ್ಕದವರೆಲ್ಲ ಬಗ್ಗಿದರು. ನಾನೊಬ್ಬ ನೆಟ್ಟಗೆ ನಿಂತು ಆಕೆಯ ಮುಖ ನೋಡಿದೆ, ಆಕೆಯ ಹಿಂದೆ ನಿಂತಿದ್ದ ಬಸ್ಸನ್ನು ನೋಡಿದೆ, ಬಸ್ಸಿನ ಚಕ್ರ ನೋಡಿದೆ, ಡ್ರೈವರ್ ಸೀಟಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಕತ್ತೆತ್ತಿ ನೋಡಿದೆ. ಎಲ್ಲವೂ ಸರಿಯಿದೆ ಎಂದು ಖಾತ್ರಿಯಾಗಿ ಬಗ್ಗುವ ಹೊತ್ತಿಗೆ ಆಯಲು ಒಂದು ಈರುಳ್ಳಿಯೂ ಉಳಿದಿರಲಿಲ್ಲ. "ಕಂಬ ನೆಟ್ಟಂಗೆ ನಿಂತವ್ನೆ ನೋಡೇ, ಬಗ್ಗಿದ್ರೆ ಸೊಂಟ ಸವೆದೋಗ್ತಿತ್ತೇನೋ," ಎಂದು ಆಕೆ ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಲಿ ಎಂದೇ.

ಆಕೆಗೆ ನಾನು ಏನು ಹೇಳಲಿ? ತಾಯಿ, ನಾನೂ ಒಂದು ಕಾಲದಲ್ಲಿ ಬಹಳ ಚುರುಕಾಗಿ ಬಗ್ಗುತ್ತಿದ್ದವನೇ, ಬಗ್ಗಬಾರದ ಹೊತ್ತಿನಲ್ಲಿ ಒಮ್ಮೆ ಬಗ್ಗಿಬಿಟ್ಟೆ, ಅಲ್ಲಿಗೆ ನನ್ನ ಡ್ರೈವರ್ ಕೆಲಸವೂ ಮುಗಿಯಿತು ಎಂದು ಬಸ್‌ಸ್ಟ್ಯಾಂಡಿನ ಮಧ್ಯೆ ನಿಂತು ಹೇಳಲಾಗುತ್ತದೆಯೇ? ನಿಮಗಾದರೆ ಹೇಳಬಹುದು. ನೀವು ಕೂತಿದ್ದೀರಿ, ನಿಮಗೆ ಅಂಥ ಅವಸರವೂ ಇದ್ದಂತಿಲ್ಲ.

ಹೌದು, ನಾನು ಲಾರಿ ಡ್ರೈವರ್ ಆಗಿದ್ದೆ. ಈಗ ಹಿಟ್ಟಿನ ಗಿರಣಿಯಲ್ಲಿ ಹುಬ್ಬಿನ ಮೇಲೆಲ್ಲ ರಾಗಿಹಿಟ್ಟು ಮೆತ್ತಿಕೊಂಡಿರುವ ನನ್ನನ್ನು ನೋಡಿದವರು ಇದನ್ನು ನಂಬುವುದಿಲ್ಲ. ಆಗ ಸ್ಟೇರಿಂಗ್ ಹಿಡಿದಿದ್ದ ನನ್ನನ್ನು ನೋಡಿದವರು ನಾನು ಬಿ.ಎ. ಪಾಸಾದವನು ಎಂಬುದನ್ನು ನಂಬುತ್ತಿರಲಿಲ್ಲ. ಒಟ್ಟಿನಲ್ಲಿ ನಂಬಿಸುವ ಮುಖ ನನಗೆ ಯಾವ ಕಾಲಕ್ಕೂ ಇರಲಿಲ್ಲ. ತಿಪಟೂರಿನ ಕಾಲೇಜಿನಲ್ಲಿ ಇತಿಹಾಸ ಓದಿದೆ. ತುರ್ತು ಪರಿಸ್ಥಿತಿ ಬಂದು ಹೋಯಿತು, ಸರ್ಕಾರಗಳು ಬಂದು ಹೋದವು, ನನಗೆ ಮಾತ್ರ ಯಾವ ಆಫೀಸಿನಿಂದಲೂ ಕರೆ ಬರಲಿಲ್ಲ. ನಮ್ಮ ತೋಟ ಕಿಬ್ಬನಹಳ್ಳಿ ಕ್ರಾಸಿನಿಂದ ಒಳಕ್ಕಿತ್ತು. ಕ್ರಾಸಿನ ಟೀ ಅಂಗಡಿಯಲ್ಲಿ ಕೂತು ಲಾರಿಗಳನ್ನು ನೋಡುವುದೇ ಒಂದು ಉದ್ಯೋಗವಾಯಿತು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ನನ್ನ ಸೋದರಮಾವ ಒಂದು ಲಾರಿ ತೆಗೆದಾಗ, ನೋಡುವ ಬದಲು ಓಡಿಸಿಯೇ ಬಿಡೋಣ ಎಂದು ಹತ್ತಿಬಿಟ್ಟೆ.

ಅಪ್ಪನಿಗೆ ಅದು ತಲೆ ತಗ್ಗಿಸುವ ವಿಷಯವಾಯಿತು. ಮಗ ಏನು ಮಾಡುತ್ತಿದ್ದಾನೆ ಎಂದು ಯಾರಾದರೂ ಕೇಳಿದರೆ "ಟ್ರಾನ್ಸ್‌ಪೋರ್ಟ್‌ನಲ್ಲವ್ನೆ" ಎನ್ನುತ್ತಿದ್ದರು. ಹೆಣ್ಣಿನ ಕಡೆಯವರೊಬ್ಬರು, ಹಾಗಾದರೆ ಗುಮಾಸ್ತನೋ ಎಂದು ವಿಚಾರಿಸಿದ್ದಕ್ಕೆ ಅದಕ್ಕಿಂತ ಮೇಲೆ ಎಂದರಂತೆ. ಲಾರಿಯ ಸೀಟು ಗುಮಾಸ್ತನ ಕುರ್ಚಿಗಿಂತ ಎತ್ತರದಲ್ಲೇ ಇರುವುದರಿಂದ ಅದು ಪೂರ್ತಿ ಸುಳ್ಳೂ ಅಲ್ಲ.

ಆ ಲಾರಿಯ ಹಿರಿಯ ಡ್ರೈವರು ಗಂಗಣ್ಣ. ಹುಳಿಯಾರಿನ ಹತ್ತಿರ ಕೆಂಕೆರೆಯವರು. ನಾನು ಹುಟ್ಟುವ ಮೊದಲೇ ಲಾರಿ ಹತ್ತಿದವರು, ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮೊದಲ ದಿನದಿಂದಲೂ "ಬಿಎ". ಮಾವನಿಗೆ ಕ್ಲೀನರ್ ಒಬ್ಬನನ್ನು ಇಡುವುದು ದಂಡ ಎನಿಸುತ್ತಿದ್ದುದರಿಂದ ನಾನೇ ಎರಡನೇ ಡ್ರೈವರು, ನಾನೇ ಕ್ಲೀನರು. ಗಂಗಣ್ಣ ನಿದ್ದೆಗೆ ಹೆಸರಾದವರು. ಸರದಿ ಮುಗಿಸಿ ಟವೆಲನ್ನು ಸುತ್ತಿ ತಲೆಗಿಟ್ಟುಕೊಂಡರೆಂದರೆ ಕಿವಿಯ ಪಕ್ಕದಲ್ಲಿ ಹಾರನ್ ಹೊಡೆದರೂ ಏಳುವವರಲ್ಲ. ಒಮ್ಮೆ ಹುಬ್ಬಳ್ಳಿಯಲ್ಲಿ ಟೈರು ಸಿಡಿದಾಗಲೂ ಎದ್ದಿರಲಿಲ್ಲ. ನಾನು ಟೈರು ಬದಲಾಯಿಸಿ ಮುಗಿಸಿದ ಮೇಲೆ ಎದ್ದು, ಊರು ಬಂತಾ ಎಂದು ಕೇಳಿದ್ದರು. ನನ್ನ ಪಕ್ಕದಲ್ಲಿ ಹೀಗೆ ಮೈಮರೆತು ಮಲಗುತ್ತಾರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಯಾವ ಪದವಿಪತ್ರವೂ ನನಗೆ ಆ ಹೆಮ್ಮೆ ಕೊಟ್ಟಿರಲಿಲ್ಲ.

ಈಗ ಕೊಬ್ಬರಿಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಹುಚ್ಚಾಟದಂತೆ ಕಾಣುತ್ತದೆ. ಹುಚ್ಚಾಟವೇ ಆಗಿದ್ದಿರಬಹುದು, ಆದರೂ ಹೇಳುತ್ತೇನೆ. ನಮ್ಮ ಕಡೆ ಕಾಯಿ ಕೆಡವಿದ ಮೇಲೆ ಸುಲಿಯದೆ ಹಾಗೆಯೇ ಅಟ್ಟಕ್ಕೆ ಹಾಕುತ್ತೇವೆ. ವರ್ಷದ ಹತ್ತಿರ ಅದು ಅಲ್ಲೇ ಕೂತಿರುತ್ತದೆ. ಒಳಗಿನ ನೀರು ಆರಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುವ ಉಂಡೆಯಾಗುತ್ತದೆ. ಆಮೇಲೆ ಸುಲಿದು, ಕರಟ ಒಡೆದು, ಉಂಡೆಯನ್ನು ಮುಕ್ಕಾಗದಂತೆ ಇಡಿಯಾಗಿ ತೆಗೆಯುತ್ತಾರೆ. ಇಡೀ ವರ್ಷ ಕಾದು ಕೂತದ್ದು ಅಂಗಳದಲ್ಲಿ ಉರುಳಿ ಕೊಟ್ಟಿಗೆಯ ಗಂಜಲಕ್ಕೋ ಚರಂಡಿಗೋ ಬಿದ್ದರೆ ಮನೆಯವರು ಅದನ್ನು ಸಂಜೆಯವರೆಗೂ ಹೇಳಿಕೊಂಡು ಮರುಗುತ್ತಾರೆ. ನಮ್ಮ ಅಂಗಳ ಬೇರೆ ಇಳಿಜಾರು. ಕೊಬ್ಬರಿ ಒಡೆಯುವ ದಿನ ನಮ್ಮಜ್ಜಿ ಬಾಗಿಲಲ್ಲಿ ಕೂತು ರಾಶಿಯ ಮೇಲೇ ಕಣ್ಣಿಟ್ಟಿರುತ್ತಿದ್ದಳು. ಒಂದು ಉಂಡೆ ಜಾರಿದರೆ ಸಾಕು, "ಓಡ್ತು, ಹಿಡೀಲಾ!" ನಾವು ಮೊಮ್ಮಕ್ಕಳು ಬಾಯಲ್ಲಿದ್ದ ತುತ್ತನ್ನೂ ನುಂಗದೆ ಓಡುತ್ತಿದ್ದೆವು.

ಅದು ಮೈಗೆ ಹತ್ತಿದ ಪಾಠ. ಶಾಲೆಯಲ್ಲಿ ಮೇಷ್ಟ್ರ ಸೀಮೆಸುಣ್ಣ ಮೇಜಿನಿಂದ ಉರುಳಿದರೆ ಅದು ನೆಲಕ್ಕೆ ಬೀಳುವ ಮೊದಲು ನನ್ನ ಕೈಯಲ್ಲಿರುತ್ತಿತ್ತು. ಬಹಳ ವಿಧೇಯ ಹುಡುಗ ಎಂದು ಮೇಷ್ಟ್ರು ಹೊಗಳುತ್ತಿದ್ದರು. ಕಾಲೇಜಿನ ಪರೀಕ್ಷೆಯಲ್ಲಿ ಹಿಂದಿನವನ ಪೆನ್ನಿನ ಮುಚ್ಚಳ ಉರುಳಿತೆಂದು ಬೆಂಚಿನ ಕೆಳಗೆ ನುಗ್ಗಿ, ಕಾಪಿ ಹೊಡೆಯುತ್ತಿದ್ದೇನೆಂದು ಸಿಕ್ಕಿಬಿದ್ದಿದ್ದೆ. ಪೆನ್ನಿನ ಮುಚ್ಚಳಕ್ಕಾಗಿ ಹೋಗಿದ್ದೆ ಸಾರ್ ಎಂದರೆ ಯಾರು ನಂಬುತ್ತಾರೆ? ಉರುಳುವುದನ್ನು ಕಂಡರೆ ನನ್ನ ಕೈಕಾಲು ನನ್ನನ್ನು ಕೇಳುತ್ತಿರಲಿಲ್ಲ.

ಅಂಥ ಕೈಕಾಲುಗಳನ್ನು ಹೊತ್ತುಕೊಂಡು ನಾನು ಗಂಗಣ್ಣನವರ ಜೊತೆ ಕೊಬ್ಬರಿ ಲೋಡು ಹಾಕಿಕೊಂಡು ಉತ್ತರಕ್ಕೆ ಹೋಗುತ್ತಿದ್ದೆ. ಸಾತಾರ ದಾಟಿದ ಮೇಲೆ ಒಂದು ಘಟ್ಟ ಹತ್ತಬೇಕು. ಒಂದು ಬೇಸಿಗೆಯ ಮಧ್ಯಾಹ್ನ ಆ ಘಟ್ಟದ ನಡುವೆ ರೇಡಿಯೇಟರ್ ಕುದಿಯತೊಡಗಿತು. ಗಾಡಿಯನ್ನು ಎಡಕ್ಕೆ ಹಾಕಿ ನಿಲ್ಲಿಸಿದೆವು. ಎಡಗಡೆ ಮೊಣಕಾಲೆತ್ತರದ ಕಲ್ಲಿನ ತಡೆಗೋಡೆ, ಅದರಾಚೆ ಕಣಿವೆ. ಬಲಗಡೆ ರಸ್ತೆ, ರಸ್ತೆಯಾಚೆ ಗುಡ್ಡದ ಗೋಡೆ. ಗಾಡಿ ಜಾರದಂತೆ ಚಕ್ರಕ್ಕೆ ಕೊಡುವ ಮರದ ತುಂಡನ್ನು ಹಿಂದೆ ಊಟಕ್ಕೆ ನಿಂತಲ್ಲಿ ಮರೆತು ಬಂದಿದ್ದೆವು. ನಮ್ಮೂರ ಕಡೆಯ ಲಾರಿಗಳಲ್ಲಿ ಸೀಟಿನ ಕೆಳಗೆ ಸುಲಿಯದ ಒಂದೆರಡು ಕಾಯಿ ಇದ್ದೇ ಇರುತ್ತಿದ್ದವು. ದಾರಿಯಲ್ಲಿ ಸಿಗುವ ದೇವರಿಗೂ ಅದೇ, ತಲೆದಿಂಬಿಗೂ ಅದೇ, ಮಂಡಿಯ ಮುಂದೆ ಸಮತಟ್ಟಿನಲ್ಲಿ ನಿಲ್ಲಿಸಿದಾಗ ಚಕ್ರಕ್ಕೂ ಅದೇ. ಗಂಗಣ್ಣ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಒಂದು ಕಾಯಿ ಒತ್ತರಿಸಿ, ಕಾಲಿನಿಂದ ಒದ್ದು ನೋಡಿದರು. ಮೂವತ್ತು ವರ್ಷ ಲಾರಿ ಓಡಿಸಿದವರು ಇಟ್ಟಮೇಲೆ ನಾನೇಕೆ ಎರಡನೇ ಸಲ ನೋಡಲಿ? ಇಂಜಿನ್ ಆರುವಷ್ಟು ಹೊತ್ತು ಕಣ್ಣು ಮುಚ್ಚುತ್ತೇನೆ, ನೀನು ನೀರು ತಾ ಎಂದು ಅವರು ಕ್ಯಾಬಿನ್ ಹತ್ತಿದರು. ನಾನು ತಗಡಿನ ಡಬ್ಬ ಹಿಡಿದು, ಸ್ವಲ್ಪ ಕೆಳಗೆ ಬಂಡೆಯಿಂದ ಒಸರುತ್ತಿದ್ದ ನೀರಿನ ಕಡೆ ಇಳಿದೆ.

ಡಬ್ಬ ತುಂಬಿಸಿಕೊಂಡು ಗುಡ್ಡದ ಮಗ್ಗುಲಲ್ಲೇ ಹತ್ತಿ ಬರುತ್ತಿದ್ದಾಗ ಆ ಸದ್ದು ಕೇಳಿತು. ಒಣಗಿದ ಕಾಯಿಮಟ್ಟೆ ನಜ್ಜಾಗುವ ಸದ್ದು. ಹುಟ್ಟಿದಾಗಿನಿಂದ ಕೇಳಿದ ಸದ್ದಾದ್ದರಿಂದ ನನಗೆ ಏನೂ ಅನಿಸಲಿಲ್ಲ. ಯಾರೋ ಕಾಯಿ ಸುಲಿಯುತ್ತಿದ್ದಾರೆ ಎಂದುಕೊಂಡೆ. ತಲೆ ಎತ್ತಿದರೆ ಲಾರಿ ಹಿಮ್ಮುಖವಾಗಿ ಇಳಿದು ಬರುತ್ತಿತ್ತು.

ಬಹಳ ಜೋರಾಗಿ ಬಂದಿದ್ದರೆ ನಾನು ಇಷ್ಟು ವರ್ಷ ಇದನ್ನು ಮನಸ್ಸಿನಲ್ಲಿ ತಿರುಗಿಸುತ್ತಾ ಕೂರುತ್ತಿರಲಿಲ್ಲ. ಅದು ಬಂದದ್ದು ಮನುಷ್ಯ ನಡೆಯುವ ವೇಗದಲ್ಲಿ. ಎಮ್ಮೆ ಕೆರೆಯಿಂದ ಮನೆಗೆ ಬರುವ ಹಾಗೆ. ಡ್ರೈವರ್ ಕಡೆಯ ಬಾಗಿಲು ನಾನು ನಿಂತ ಮಗ್ಗುಲಿಗೇ ಇತ್ತು, ನನ್ನ ಮುಂದೆಯೇ ಹಾದುಹೋಯಿತು. ಹಿಡಿಕೆ ಕೈಗೆ ಎಟಕುವಂತಿತ್ತು, ಕೆಳಗೆ ಕಾಲಿಡುವ ಪಟ್ಟಿ ಇತ್ತು. ಈಗಲೂ ಗಿರಣಿಯಲ್ಲಿ ಹಿಟ್ಟು ಬೀಳುವುದನ್ನು ನೋಡುತ್ತಾ ಕೂತಾಗ ನಾನು ಡಬ್ಬ ಎಸೆಯುತ್ತೇನೆ, ಹಿಡಿಕೆಗೆ ಕೈ ಹಾಕುತ್ತೇನೆ, ಹಾರಿ ಒಳಗೆ ನುಗ್ಗಿ ಬ್ರೇಕ್ ಒತ್ತುತ್ತೇನೆ. ಈ ಕುರ್ಚಿಯಲ್ಲಿ ಕೂತು ಹಾರಿದಾಗ ಒಂದು ಸಲವೂ ತಪ್ಪಿಲ್ಲ. ಆವತ್ತು ಮಾತ್ರ ನಾನು ತುಂಬಿದ ಡಬ್ಬವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು, ನೀರು ತುಳುಕದಂತೆ ನಿಂತಿದ್ದೆ. ಕೂಗಲೂ ಇಲ್ಲ.

ಲಾರಿ ಹಿಂದಕ್ಕೆ ಹೋಗಿ, ತಿರುವಿನಲ್ಲಿ ತಡೆಗೋಡೆಗೆ ಬಡಿದು, ಎರಡು ಕಲ್ಲು ಕಿತ್ತು, ನಿಂತಿತು. ಹಿಂದಿನ ಎಡಗಡೆಯ ಚಕ್ರ ಗೋಡೆಯಾಚೆ ಗಾಳಿಯಲ್ಲಿ ತಿರುಗುತ್ತಿತ್ತು. ಕ್ಯಾಬಿನ್ ಒಮ್ಮೆ ಮೇಲೆದ್ದು ಮೆಲ್ಲಗೆ ಕೂತಿತು. ಹಗ್ಗ ಹರಿದು ಮೇಲಿನ ಚೀಲಗಳು ರಸ್ತೆಗೆ ಬಿದ್ದು ಒಡೆದವು. ಉಂಡೆಗಳು ಪುಟಿಯುತ್ತಾ, ಟೊಳ್ಳು ಸದ್ದು ಮಾಡುತ್ತಾ ಇಳಿಜಾರಿಗೆ ಉರುಳತೊಡಗಿದವು.

ಅಷ್ಟು ಹೊತ್ತು ಕಲ್ಲಾಗಿದ್ದ ನನ್ನ ಕಾಲಿಗೆ ಆಗ ಜೀವ ಬಂತು. ಡಬ್ಬವನ್ನು ಜೋಪಾನವಾಗಿ ಕೆಳಗಿಟ್ಟೆ. ಲಾರಿಯ ಕಡೆ ಓಡಲಿಲ್ಲ. ಹೆಗಲ ಮೇಲಿದ್ದ ಟವೆಲನ್ನು ಕೈಗೆ ತೆಗೆದುಕೊಂಡು ಉರುಳುವ ಕೊಬ್ಬರಿಯ ಹಿಂದೆ ಓಡಿದೆ. ಒಂದನ್ನು ಕಾಲಿನಿಂದ ತಡೆದೆ, ಇನ್ನೊಂದನ್ನು ಗುಡ್ಡದ ಚರಂಡಿಯಿಂದ ಎತ್ತಿ ಮಣ್ಣು ಊದಿದೆ. ಟವೆಲ್ಲಿನಲ್ಲಿ ಗಂಟು ಕಟ್ಟಿಕೊಳ್ಳುತ್ತಾ, ಬಗ್ಗುತ್ತಾ, ಓಡುತ್ತಾ, ಬಹಳ ಮುತುವರ್ಜಿಯಿಂದ ಆಯುತ್ತಿದ್ದೆ. ಕ್ಯಾಬಿನ್ನಿನಲ್ಲಿ ಒಬ್ಬ ಮನುಷ್ಯನಿದ್ದಾನೆ ಎಂಬುದು ನನಗೆ ಮರೆತಿರಲಿಲ್ಲ. ಅದನ್ನೇ ನಾನು ಯಾರಿಗೂ ಅರ್ಥ ಮಾಡಿಸಲಾರದೆ ಹೋದದ್ದು. ಮರೆತಿದ್ದರೆ ಇಷ್ಟು ನಾಚಿಕೆ ಇರುತ್ತಿರಲಿಲ್ಲ. ಗೊತ್ತಿತ್ತು, ಕೈ ಮಾತ್ರ ಕೊಬ್ಬರಿ ಆಯುತ್ತಿತ್ತು.

ಗಂಗಣ್ಣನ ತಲೆ ಕಿಟಕಿಯಲ್ಲಿ ಕಾಣಿಸಿತು. ಅವರು ಕೂಗಲಿಲ್ಲ. ಜೋರಾಗಿ ಮಾತಾಡಿದರೆ ಗಾಡಿ ಕದಲೀತು ಎಂಬಂತೆ ಮೆಲ್ಲಗೆ ಹೇಳಿದರು.

"ಬಿಎ, ಅದನ್ನ ಬುಡಪ್ಪ. ಬುಟ್ಟು ಇತ್ತ ಬಾ. ಒಂದು ಕಲ್ಲು ಕೊಡು ಚಕ್ರಕ್ಕೆ."

ಟವೆಲಿನ ಗಂಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಕಲ್ಲು ಕೊಟ್ಟೆ. ಅವರು ಬಾಗಿಲು ತೆಗೆದು, ಕೂಸು ಇಳಿದ ಹಾಗೆ ಒಂದೊಂದೇ ಕಾಲು ಊರಿ ಇಳಿದರು. ಆಮೇಲೆ ಬೇರೆ ಲಾರಿಯವರು ಬಂದರು, ಸರಪಳಿ ಹಾಕಿ ಎಳೆದರು. ಯಾರಿಗೂ ಒಂದು ಗೀರು ಗಾಯ ಇರಲಿಲ್ಲ. ಸರಕಿನಲ್ಲೂ ಕಣಿವೆಗೆ ಹೋದದ್ದು ಅಲ್ಪಸ್ವಲ್ಪ.

ನಾವು ವಾಪಸ್ಸು ಬಂದ ದಿನವೇ ಗಂಗಣ್ಣ ಮಂಡಿಯ ಜಗುಲಿಯಲ್ಲಿ ಕೂತು ಕತೆ ಹೇಳಿಬಿಟ್ಟರು. ನಾನೂ ಪಕ್ಕದಲ್ಲಿದ್ದೆ. ಇಲ್ಲ ಎನ್ನಲಿಲ್ಲ. ಹೌದು, ಆಯುತ್ತಿದ್ದೆ ಎಂದೆ. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ, "ಗಂಗಣ್ಣ, ನೀನೂ ಉಂಡೆ ಥರ ಉಳ್ಳಿದ್ರೆ ನಿನ್ನೂ ಆಯ್ಕೋತಿದ್ದ ಕಣ್ಲಾ," ಎಂದ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬರಾದರೂ ಬೈಯಲಿಲ್ಲ. ಅಪ್ಪ ವಿಷಯ ತಿಳಿದು, ಅಷ್ಟು ಆದರೂ ಒಂದು ಉಂಡೆ ಬಿಡಲಿಲ್ಲವಂತೆ ನಮ್ಮ ಹುಡುಗ ಎಂದು ಕ್ರಾಸಿನ ಟೀ ಅಂಗಡಿಯಲ್ಲಿ ಹೇಳಿಕೊಂಡರು. ನಾನು ಡ್ರೈವರ್ ಆದ ಮೇಲೆ ಅವರು ನನ್ನ ವಿಷಯವನ್ನು ಅಂಗಡಿಯಲ್ಲಿ ಎತ್ತಿದ್ದು ಅದೇ ಮೊದಲು. ಮಾವ ನನ್ನ ಬೆನ್ನು ತಟ್ಟಿ, ಸರಕಿನ ಮೇಲೆ ಇಂಥ ಪ್ರಾಣ ಇಟ್ಟಿರುವವನು ಬೇರೆ ಯಾರು ಸಿಗುತ್ತಾರೆ ಎಂದು ಹೇಳಿ, ಎರಡನೇ ಲಾರಿ ತೆಗೆಯುತ್ತೇನೆ, ಅದು ನಿನ್ನದೇ ಎಂದರು. ಕೊಬ್ಬರಿಯ ಊರಿನಲ್ಲಿ ಕೊಬ್ಬರಿ ಆಯ್ದವನಿಗೆ ಇನ್ನೇನು ಸಿಗಬೇಕು? ನಾನು ರಾತ್ರಿ ಮುಖ ಮುಚ್ಚಿಕೊಂಡು ನೆನೆಯುತ್ತಿದ್ದುದನ್ನೇ ಅವರು ಹಗಲು ಹೂವಿನ ಹಾರದಂತೆ ನನ್ನ ಕೊರಳಿಗೆ ಹಾಕುತ್ತಿದ್ದರು.

ಹೊಸ ಲಾರಿ ಬರುವ ಮೊದಲು ಗಂಗಣ್ಣನ ಜೊತೆ ಇನ್ನೊಂದು ಸಲ ಲೋಡು ತೆಗೆದುಕೊಂಡು ಹೋದೆ. ಆಗಿದ್ದನ್ನೆಲ್ಲ ಮರೆತುಬಿಡುವುದು ಎಂದೇ ಹೊರಟೆ. ಅವರೂ ಹಾಗೆಯೇ ಇದ್ದರು. ಎಲೆಯಡಿಕೆ, ಬೈಗುಳ, ಬಿಎ. ನನ್ನ ಸರದಿ ಬಂತು. ಅವರು ಪಕ್ಕಕ್ಕೆ ಸರಿದು ಟವೆಲ್ ಸುತ್ತಿ ತಲೆಗಿಟ್ಟುಕೊಂಡರು. ಸ್ವಲ್ಪ ದೂರ ಹೋಗಿ ಓರೆಗಣ್ಣಿನಲ್ಲಿ ನೋಡಿದೆ. ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಶಿರಾ ದಾಟಿತು, ಚಿತ್ರದುರ್ಗ ದಾಟಿತು, ಅವರು ಎದ್ದೇ ಕೂತರು. ನಿದ್ದೆ ಬರುತ್ತಿಲ್ಲವೇ ಎಂದು ಕೇಳಿದ್ದಕ್ಕೆ ಸೆಖೆ ಎಂದರು. ಹೋಗುವಾಗ ಇಡೀ ದಾರಿ, ಬರುವಾಗ ಇಡೀ ದಾರಿ, ಹಾರನ್‌ಗೂ ಟೈರು ಸಿಡಿತಕ್ಕೂ ಏಳದಿದ್ದ ಮನುಷ್ಯ ನನ್ನ ಪಕ್ಕದಲ್ಲಿ ರೆಪ್ಪೆ ಮುಚ್ಚಲಿಲ್ಲ. ಗಾಡಿ ನಿಲ್ಲಿಸಿದಾಗಲೆಲ್ಲ ನನಗಿಂತ ಮೊದಲೇ ಇಳಿಯುತ್ತಿದ್ದರು.

ಬಾಯಿ ನಗುತ್ತಿದ್ದರೂ ಕಣ್ಣು ನನ್ನನ್ನು ನಂಬುತ್ತಿಲ್ಲ ಎಂದು ನನಗೆ ಅರ್ಥವಾಯಿತು. ಊರು ಸೇರಿದ ಮೇಲೆ ಮಾವನ ಮುಂದೆ ಹೋಗಿ, ಇನ್ನು ಲಾರಿ ಹತ್ತುವುದಿಲ್ಲ ಎಂದೆ.

"ಯಾಕ್ಲಾ ಅಳಿಯ, ಹೊಸ ಗಾಡಿ ಬತ್ತಾ ಐತೆ."

"ನನ್ನ ಕೈಲಾಗಲ್ಲ ಮಾವ. ಭಯ."

"ಭಯ ಅಂತೆ. ಓದಿದೋನು, ಡ್ರೈವರ್ ಕೆಲ್ಸಕ್ಕೆ ನಾಚ್ಕೆ ಅಂತ ನೆಟ್ಟಗೆ ಹೇಳು, ನಂಗೇನು ಬೇಜಾರಿಲ್ಲ."

ಊರೂ ಹಾಗೆಯೇ ನಂಬಿತು. ನಾನು ಭಯ ಎಂದಷ್ಟೂ ಅವರು ಮರ್ಯಾದಸ್ಥ ಎಂದರು. ಬಿ.ಎ. ಎಂಬುದು ಬದುಕಿನಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ, ಅದೂ ನಾನು ಬೇಡ ಎಂದಾಗ.

ಅಪ್ಪ ತುರುವೇಕೆರೆ ರಸ್ತೆಯ ಮಗ್ಗುಲಿಗೆ ಒಂದು ಹಿಟ್ಟಿನ ಗಿರಣಿ ಹಾಕಿಕೊಟ್ಟರು. ಮದುವೆಯೂ ಆಯಿತು, ಟ್ರಾನ್ಸ್‌ಪೋರ್ಟ್‌ಗೆ ಸಿಗದ ಹೆಣ್ಣು ಗಿರಣಿಗೆ ಸಿಕ್ಕಿತು. ಗಿರಣಿಯಲ್ಲಿ ನನಗೆ ಮೊದಲು ಹಿಡಿಸಿದ್ದು ಅದರ ಬೋಲ್ಟುಗಳು. ಮೋಟಾರನ್ನು ಸಿಮೆಂಟಿನ ಕಟ್ಟೆಗೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಅದು ಎಷ್ಟೇ ಅಬ್ಬರಿಸಲಿ, ಬೆಲ್ಟು ಎಷ್ಟೇ ಓಡಲಿ, ಯಾವ ಇಳಿಜಾರಿಗೂ ಹೋಗುವಂತಿಲ್ಲ. ಮೊದಲ ಕೆಲವು ದಿನ ಮೋಟಾರ್ ನಿಲ್ಲಿಸುವಾಗ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಹೊಸದಾಗಿ ಬಂದಿದ್ದ ಹೆಂಡತಿ ಅದನ್ನು ನೋಡಿ, "ಈ ಗಾಡಿ ಯಾವೂರಿಗೆ ಹೋಗ್ತದೆ ಕಣ್ರೀ, ನಮ್ಮ ತವರಿನ ಕಡೆ ಹೋಗೋದಾದ್ರೆ ನಾನೂ ಹತ್ಕೋತೀನಿ," ಎಂದಿದ್ದಳು. ರಾಗಿ, ಅಕ್ಕಿ, ಮೆಣಸಿನಕಾಯಿ. ಮೆಣಸಿನಕಾಯಿ ಹಾಕಿದ ದಿನ ಊರಿಗೆಲ್ಲ ಸೀನು. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಂದರೆ ಮನುಷ್ಯನಿಗೆ ಎಲ್ಲಿಗೂ ಹೋಗಬೇಕೆನಿಸುವುದಿಲ್ಲ. ನನಗೆ ಅದೇ ಬೇಕಿತ್ತು.

ಗಂಗಣ್ಣ ಮಾತ್ರ ಈ ಕಡೆ ಬರುತ್ತಿರಲಿಲ್ಲ. ಸಂತೆಯಲ್ಲಿ, ಸಾವಿನ ಮನೆಯಲ್ಲಿ ಸಿಕ್ಕರೆ ಕತೆ ಹೇಳುತ್ತಿದ್ದರು, ಜನ ನಗುತ್ತಿದ್ದರು, ನಾನು ತಲೆ ಆಡಿಸುತ್ತಿದ್ದೆ. ಕೆಲವು ವರ್ಷ ಕಳೆದು ಅವರಿಗೆ ಕಣ್ಣು ಮಂಜಾಗಿ ಲಾರಿ ಬಿಟ್ಟರು. ಮಗಳ ಮನೆ ನಮ್ಮ ಪಕ್ಕದ ಹಳ್ಳಿಯಲ್ಲಿತ್ತು. ಅಲ್ಲಿಗೆ ಬಂದವರು ಒಂದು ದಿನ ಸೈಕಲ್ಲಿನ ಹಿಂದೆ ರಾಗಿ ಚೀಲ ಇಟ್ಟುಕೊಂಡು, ತಳ್ಳುತ್ತಾ ಗಿರಣಿಗೆ ಬಂದರು. ರಾಗಿಯನ್ನು ಸುರಿಯುವಷ್ಟರಲ್ಲಿ ಕರೆಂಟ್ ಹೋಯಿತು. ಆ ವರ್ಷಗಳಲ್ಲಿ ಹೋದ ಕರೆಂಟ್ ಯಾವಾಗ ಬರುತ್ತದೆಂದು ಹೇಳುವವರಿರಲಿಲ್ಲ. ಉಳಿದವರು ಪಾತ್ರೆ ಬಿಟ್ಟು ಮನೆಗೆ ಹೋದರು. ನಾವಿಬ್ಬರೇ ಬೆಂಚಿನ ಮೇಲೆ ಕೂತೆವು. ಮೋಟಾರ್ ನಿಂತ ಗಿರಣಿಯಲ್ಲಿ ಮಾತಾಡಲು ಸಂಕೋಚವಾಗುತ್ತದೆ, ಅಷ್ಟು ನಿಶ್ಶಬ್ದ. ಅವರೇ ಶುರು ಮಾಡಿದರು.

"ದಿಟ ಹೇಳು ಬಿಎ. ಲಾರೀನ ಯಾಕೆ ಬುಟ್ಟೆ? ನಾಚ್ಕೆಗಲ್ಲ ಅಂತ ನಂಗೊತ್ತು."

ಇಷ್ಟು ವರ್ಷ ನಾನು ಹೇಳಿದ್ದನ್ನು ಯಾರೂ ನಂಬಿರಲಿಲ್ಲ. ಇವರಾದರೂ ನಂಬಲಿ ಎಂದು ಹೇಳಿದೆ. "ಕಡೇ ಸಲ ಹೋದ್ವಲ್ಲ, ನೀವು ದಾರೀಲೆಲ್ಲೂ ನಿದ್ದೆ ಮಾಡ್ಲಿಲ್ಲ. ನನ್ನ ನಂಬಿ ಮಲಗೋಕೆ ನಿಮಗೆ ಆಗ್ಲಿಲ್ಲ. ಅದಕ್ಕೇ ಬಿಟ್ಟೆ."

ಗಂಗಣ್ಣ ಕಾಲಿನ ಹೆಬ್ಬೆರಳಿನಿಂದ ಹಿಟ್ಟಿನ ಧೂಳಿನಲ್ಲಿ ಗೀಟು ಎಳೆದರು.

"ನಿನ್ನ ಕಾಯ್ತಾ ಎದ್ದಿದ್ದೆ ಅಂದ್ಕಂಡ್ಯಾ? ಆವತ್ತಿಂದ ನಂಗೆ ಯಾವ ಗಾಡೀಲೂ ನಿದ್ದೆ ಬರ್ಲಿಲ್ಲ ಕಣಪ್ಪ. ಮನೇಲೂ ಅಷ್ಟೆ." ಆಮೇಲೆ ಹೇಳಿದರು: "ಘಟ್ಟದಲ್ಲಿ ನಾನು ಮಲಗಿರ್ಲಿಲ್ಲ. ಕಾಯಿ ಲಟ್ ಅಂದಾಗ್ಲೇ ಎದ್ದು ಕೂತಿದ್ದೆ, ಸ್ಟೇರಿಂಗ್ ಮುಂದೇನೇ. ಬ್ರೇಕು ಕಾಲಡೀಲೇ ಇತ್ತು. ಕಾಲು ಬರ್ಲಿಲ್ಲ ಬಿಎ. ಗಾಡಿ ಹಿಂದಕ್ಕೆ ಹೋಯ್ತು, ನೀನು ಡಬ್ಬ ಹಿಡ್ಕಂಡು ನಿಂತಿದ್ದು ಕಿಟಕೀಲಿ ಕಂಡೆ, ಹಂಗೇ ನೋಡ್ತಾ ಹೋದೆ."

ಬಾಗಿಲು ನನ್ನ ಮುಂದೆ ಹಾದುಹೋದದ್ದು ಸಾವಿರ ಸಲ ನೆನಪಿಗೆ ಬಂದಿದೆ. ಆ ಕಿಟಕಿಯಲ್ಲಿ ಒಂದು ಮುಖ ಇತ್ತೇ? ನನ್ನ ನೆನಪಿನಲ್ಲಿ ಅಲ್ಲಿ ಬರೀ ಬಿಸಿಲಿನ ಹೊಳಪಿದೆ. ನಾನು ಇಷ್ಟು ವರ್ಷ ನೋಡುತ್ತಾ ಬಂದದ್ದು ಹಿಡಿಕೆಯನ್ನು ಮಾತ್ರ.

"ನೀನಾದ್ರೂ ಕೊಬ್ಬರಿ ಆಯ್ದೆ," ಎಂದರು. "ನಾನು ಅದೂ ಮಾಡ್ಲಿಲ್ಲ. ಮಂಡೀಲಿ ಯಾರಾದ್ರೂ, ಗಂಗಣ್ಣ ನೀನೇನ್ಮಾಡ್ತಿದ್ದೆ ಅಂತ ಕೇಳ್ಬುಟ್ರೆ ಅಂತ ಮೊದ್ಲೇ ನಿನ್ ಕತೆ ತೆಗೆದೆ. ಒಂದಿನ ನಗ್ತಾರೆ, ಬುಡ್ತಾರೆ ಅಂದ್ಕಂಡಿದ್ದೆ. ನೀನು ಲಾರೀನೇ ಬುಡ್ತೀಯ ಅಂತ ಗೊತ್ತಿರ್ಲಿಲ್ಲ."

ಆಗ ನನ್ನೊಳಗೆ ಏನಾಯಿತು ಎಂದು ಹೇಳಲು ಈಗಲೂ ಮುಖ ಕೆಂಪಾಗುತ್ತದೆ. ನನಗೆ ಸಂತೋಷವಾಯಿತು. ಹಬ್ಬದ ದಿನ ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಂಡ ಹಾಗೆ ಮೈಯೆಲ್ಲ ಹಗುರಾಯಿತು. ಎದುರಿಗೆ ಕಣ್ಣು ಮಂಜಾದ ಒಬ್ಬ ಮುದುಕ ತನ್ನ ಮರ್ಯಾದೆಯನ್ನು ಧೂಳಿನಲ್ಲಿ ಇಟ್ಟು ಕೂತಿದ್ದಾನೆ, ನಾನು ಒಳಗೆ ಹಿಗ್ಗುತ್ತಿದ್ದೇನೆ. ಕರೆಂಟ್ ಬಂದಿತು. ಮೋಟಾರ್ ಹೊಡೆದುಕೊಳ್ಳತೊಡಗಿದ್ದು ಒಳ್ಳೆಯದೇ ಆಯಿತು, ಏನೂ ಹೇಳಬೇಕಾಗಲಿಲ್ಲ. ಅವರ ರಾಗಿಯನ್ನು ಎಲ್ಲರದಕ್ಕಿಂತ ಮೊದಲು ಬೀಸಿದೆ. ಹೊರಡುವಾಗ ಚೀಲವನ್ನು ಸೈಕಲ್ಲಿಗೆ ಕಟ್ಟುತ್ತಿದ್ದರೆ ನನ್ನ ಕಿವಿಯ ಹತ್ತಿರ ಬಂದು, "ನಾನಿರೋಗಂಟ ಯಾರಿಗೂ ಬ್ಯಾಡ," ಎಂದರು. ಆಗಲಿ ಎಂದೆ. ಈಗ ಅವರಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಆದರೂ ಕೈ ಅಷ್ಟು ಸಲೀಸಾಗಿ ಓಡುತ್ತಿಲ್ಲ.

ಅವರು ತೀರಿಕೊಳ್ಳುವ ಹಿಂದಿನ ವರ್ಷ ಚಿಕ್ಕನಾಯಕನಹಳ್ಳಿಯಲ್ಲಿ ನನ್ನ ಮಾವನ ಮಗಳ ಮದುವೆಯಾಯಿತು. ಊಟಕ್ಕೆ ನಾನೂ ಗಂಗಣ್ಣನೂ ಪಕ್ಕಪಕ್ಕ ಕೂತೆವು. ಎದುರು ಸಾಲಿನಲ್ಲಿ ಗಂಡಿನ ಕಡೆಯವರು. ಅವರ ಪೈಕಿ ಒಬ್ಬರು ಆಗತಾನೇ ಲಾರಿ ಕೊಂಡವರು. ನಮ್ಮ ಕಡೆಯ ಯಾರೋ ಆಸೆಪಟ್ಟು, ಗಂಗಣ್ಣ, ಕೊಬ್ಬರಿ ಕತೆ ಹೇಳಿ ಎಂದರು. ಗಂಗಣ್ಣ ನನ್ನ ಕಡೆ ನೋಡದೆ ಶುರು ಮಾಡಿದರು. ಮುಂಚಿನಷ್ಟು ಕಳೆ ಇರಲಿಲ್ಲ, ಆದರೂ ಜನ ನಕ್ಕರು. ಲಾರಿ ಕೊಂಡವರು ಮಾತ್ರ ನಗಲಿಲ್ಲ. ಸಾರನ್ನು ಕಲಸುತ್ತಾ, ಕೆಟ್ಟ ಮನಸ್ಸೇನೂ ಇಲ್ಲದೆ, ಗಾಡಿ ಇಟ್ಟವರಿಗೆ ಸಹಜವಾದ ಕುತೂಹಲದಿಂದ ಕೇಳಿದರು.

"ಅದ್ಸರಿ ಯಜಮಾನ್ರೇ, ಆಗ ತಾವೇನ್ಮಾಡ್ತಿದ್ರಿ, ಕ್ಯಾಬಿನ್‌ನಲ್ಲಿ?"

ಗಂಗಣ್ಣ ಬಾಯಿಗೆತ್ತಿದ ತುತ್ತನ್ನು ಎಲೆಗೇ ಇಳಿಸಿದರು. ಸಾಲಿನಲ್ಲಿದ್ದವರೆಲ್ಲ ಅವರ ಮುಖ ನೋಡತೊಡಗಿದರು.

"ಅವರೇನ್ಮಾಡ್ತಾರೆ ಸ್ವಾಮಿ," ಎಂದೆ ನಾನು, ಬೇಕಾದ್ದಕ್ಕಿಂತ ಜೋರಾಗಿ. "ಗೊರಕೆ ಹೊಡೀತಿದ್ರು. ಗಾಡಿ ಸದ್ದಿಗಿಂತ ಅವರ ಗೊರಕೆಯೇ ಜೋರು. ಹೋಗಿ ಎಬ್ಬಿಸ್ಬೇಕಾದೋನು ನಾನು, ಎಲ್ಲಿ ಎಬ್ಬಿಸ್ಲಿ? ಟವೆಲ್ ತುಂಬಿ ಜಾಗ ಸಾಲದೆ ಅಂಗೀನೂ ಬಿಚ್ಚಿ ಕೊಬ್ಬರಿ ತುಂಬ್ಕೋತಿದ್ದೆ."

ಅಂಗಿಯ ವಿಷಯ ಹೊಸದು. ಎರಡೂ ಸಾಲು ಬಿದ್ದುಬಿದ್ದು ನಕ್ಕಿತು. ಲಾರಿ ಕೊಂಡವರೂ ನಕ್ಕು, ಇಂಥವನು ಮಂಡಿಯವರಿಗೆ ಸರಿ, ನಮಗೆ ಬೇಡಪ್ಪ ಎಂದರು. ಹೆಂಗಸರ ಸಾಲಿನಲ್ಲಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗಿಟ್ಟುಕೊಂಡು ತಲೆ ತಗ್ಗಿಸಿದಳು. ನಗುವಿಗೋ, ನಾಚಿಕೆಗೋ, ನಾನು ಕೇಳಲಿಲ್ಲ.

ಹೋಳಿಗೆ ಬಡಿಸುವವನು ನಮ್ಮ ಮುಂದೆ ಬಂದ. ಗಂಗಣ್ಣ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ ಎಂದರು. ನಾನು ಆಚೆ ತಿರುಗಿ, ನನಗೆ ಎರಡು ಹಾಕಪ್ಪ ಎಂದೆ.